ಐದೂವರೆಯ ಬಸ್ಸಿನ ತನಕ ತೆರೆದಿರುತ್ತಿದ್ದ ಲೈಬ್ರರಿ

ಮೊನ್ನೆ ನಾಲ್ಕು ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟಿಸಿದೆ. ಒಂದಕ್ಕೆ ನೂರಾ ಇಪ್ಪತ್ತು ರೂಪಾಯಿ. ಬೈಂಡರ್ ನೂರಾ ಐವತ್ತು ಹೇಳಿದ, ನಾನು ನೂರರಿಂದ ಶುರು ಮಾಡಿದೆ, ನಡುವೆ ಚಹಾ ಬಂತು, ನೂರಾ ಇಪ್ಪತ್ತಕ್ಕೆ ನಿಂತಿತು. ಅರವತ್ತಕ್ಕೆ ಕಟ್ಟಿಕೊಡುವವರೂ ಇದ್ದಾರೆ. ಆದರೆ ಅವರು ಬೆನ್ನಿಗೆ ಅಂಟು ಬಳಿದು ಒತ್ತಿ ಕೊಡುತ್ತಾರೆ. ಒಂದು ಪರೀಕ್ಷೆ ಮುಗಿಯುವುದರೊಳಗೆ ಹಾಳೆಗಳು ಉದುರುತ್ತವೆ. ಈತ ದಾರ ಹಾಕಿ ಹೊಲಿಯುತ್ತಾನೆ. ಅದೇ ಪುಸ್ತಕ ಹೊಸದು ಕೊಂಡರೆ ಆರುನೂರರ ಮೇಲೆ. ಲೆಕ್ಕ ನೀವೇ ಹಾಕಿಕೊಳ್ಳಿ.

ಅವನ ಅಂಗಡಿಯ ಮೂಲೆಯಲ್ಲಿ ಮೈದಾ ಹಿಟ್ಟಿನ ಅಂಟು ಕುದಿಯುತ್ತಿತ್ತು. ಹುಳ ಬೀಳಬಾರದೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಅದೇ ಘಾಟಿನ ಲೈಬ್ರರಿಯಲ್ಲಿ ಕೂಡುತ್ತಿದ್ದ ಮುದ್ದೇಬಿಹಾಳದ ಬಾಯಾರು ನೆನಪಾದರು... ಎಷ್ಟು ವರ್ಷಗಳಾದವು.

ಬಾಯಾರು ಅಲ್ಲಿನ ಒಂದು ಕಾಲೇಜಿನ ಗ್ರಂಥಪಾಲಕಿ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಚೇರ್ಮನ್ನರಿಂದ ಬಾಗಿಲು ಕಾಯುವ ಸಿಪಾಯಿಯ ತನಕ ಎಲ್ಲರಿಗೂ ಅವರು ಬಾಯಾರು; ನಮ್ಮ ಕಡೆ ಮೇಡಂ ಎನ್ನುವ ಬದಲು ಹೀಗೆ. ಮನೆಮಾತು ಮರಾಠಿ. ನಮ್ಮ ಜೊತೆ ಮಾತೆಲ್ಲ ಕನ್ನಡದಲ್ಲಿ, ಆದರೆ ರೊಕ್ಕದ ಲೆಕ್ಕ ಬಂದಾಗ ಮಾತ್ರ ತುಟಿಯೊಳಗೇ ಮರಾಠಿಯಲ್ಲಿ ಎಣಿಸುತ್ತಿದ್ದರು. ತುಟಿ ಅಲ್ಲಾಡತೊಡಗಿತೆಂದರೆ ನಾನು ಮನಸ್ಸಿನಲ್ಲೇ ಬೆಲೆ ಇಳಿಸತೊಡಗುತ್ತಿದ್ದೆ. ಏಕೆಂದರೆ ನಾನು ಮಾರುವವನು, ಅವರು ಕೊಳ್ಳುವವರು.

ನಾನು ಕನ್ನೊಳ್ಳಿಯವನು. ಎಸ್ಸೆಸ್ಸೆಲ್ಸಿಗೆ ಸಾಲಿ ಮುಗಿಸಿ, ಮೊದಲು ಬಸ್ಸಿನಲ್ಲಿ ಗಂಟು ಹೊತ್ತು, ಆಮೇಲೆ ಸಾಲದ ಮೋಟಾರ್ ಸೈಕಲ್ ಮೇಲೆ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಸುತ್ತಿ ಕಾಲೇಜುಗಳಿಗೆ ಪುಸ್ತಕ ಹಾಕುತ್ತಿದ್ದೆ. ನಮ್ಮ ವ್ಯಾಪಾರದ ಸುಗ್ಗಿ ಮಾರ್ಚ್ ತಿಂಗಳು. ಬಂದ ಅನುದಾನ ಆ ತಿಂಗಳು ಮುಗಿಯುವುದರೊಳಗೆ ಖರ್ಚಾಗಬೇಕು, ಇಲ್ಲದಿದ್ದರೆ ವಾಪಸು. ಹಾಗಾಗಿ ಏನು ಒಯ್ದರೂ ಇಳಿಸಿಕೊಳ್ಳುತ್ತಿದ್ದರು. ಬಾಯಾರು ಮಾತ್ರ ಮಾರ್ಚಿನಲ್ಲಿ ನನ್ನನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. "ಜುಲೈದಾಗ ಬಾ ತಮ್ಮಾ. ಹುಡುಗ್ರು ಏನ್ ಕೇಳ್ತಾರ ಅನ್ನೂದು ಆಗ ಗೊತ್ತಾಗ್ತೈತಿ" ಎನ್ನುತ್ತಿದ್ದರು.

ಒಂದು ಜುಲೈ ಹಾಗೇ ಹೋಗಿದ್ದೆ. ಚೇರ್ಮನ್ನರು ಲೈಬ್ರರಿಯಲ್ಲೇ ಕುಳಿತಿದ್ದರು. ಮಾತು ಬಿಸಿಯಾಗಿತ್ತು.

"ಬಾಯಾರ, ಇನ್ನ ಮ್ಯಾಲೆ ಎರಡಕ್ಕ ಕೀಲಿ ಹಾಕ್ರಿ. ಲೈಟು, ಫ್ಯಾನು, ಸಿಪಾಯಿ ಪಗಾರ... ಎಲ್ಲಿಂದ ತರೂದು? ಓದಾವ್ರು ಮನ್ಯಾಗ ಓದ್ತಾರ."

"ಮನಿಗೆ ಹೋಗಾಕ ಬಸ್ ಬೇಕಲ್ರಿ. ಅದು ಐದೂವರಿಗೆ ಐತಿ."

"ಬಸ್ ಸ್ಟ್ಯಾಂಡಿನ್ಯಾಗ ಕೂಡ್ಲಿ ಬಿಡ್ರಿ."

ಹೂವಿನ ಹಿಪ್ಪರಗಿ ಕಡೆಯಿಂದ ಬರುವ ಹುಡುಗಿಯರ ವಿಷಯ ಅದು. ತರಗತಿ ಮುಗಿಯುವುದು ಒಂದೂವರೆಗೆ, ಬಸ್ಸು ಐದೂವರೆಗೆ. ಆ ನಡುವಿನ ಹೊತ್ತು ಅವರು ಲೈಬ್ರರಿಯಲ್ಲಿ ಕೂಡುತ್ತಿದ್ದರು. ಕೂಡುತ್ತಾರೆಂಬ ಒಂದೇ ಭರವಸೆಯ ಮೇಲೆ ಮನೆಯವರು ಕಳಿಸುತ್ತಿದ್ದರು. ಪ್ರವೇಶದ ದಿನ ಒಬ್ಬ ತಂದೆ ಬಾಯಾರ ಮುಂದೆ ನಿಂತು, "ಇಲ್ಲಿ ಕೂಡ್ರೂದಾದ್ರ ಕಳಸ್ತೇನ್ರಿ. ಸ್ಟ್ಯಾಂಡಿನ್ಯಾಗ ಕೂಡ್ರೂದಾದ್ರ ಬ್ಯಾಡ" ಎಂದು ಕಡ್ಡಿ ಮುರಿದಂತೆ ಹೇಳಿದ್ದನ್ನು ನಾನೇ ಕೇಳಿದ್ದೆ. ಎರಡಕ್ಕೆ ಕೀಲಿ ಬಿದ್ದರೆ ಆ ಹುಡುಗಿಯರ ಕಾಲೇಜೇ ಮುಗಿದಂತೆ.

ಇದನ್ನು ಹೇಳಿದರೂ ಚೇರ್ಮನ್ನರು ಮೆತ್ತಗಾಗಲಿಲ್ಲ. "ಖರ್ಚು ಅರ್ಧಕ್ಕ ಇಳಸ್ರಿ. ದೀಪಾವಳಿ ಮೀಟಿಂಗಿನ್ಯಾಗ ತೋರಸ್ರಿ. ಆಗ ನೋಡೋಣು" ಎಂದು ಎದ್ದು ಹೋದರು.

ಬಾಯಾರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಆಗಲೇ ಓಡಿಹೋಗಬೇಕಿತ್ತು.

"ಕೂಡು ತಮ್ಮಾ. ಆ ದಪ್ಪ ದಪ್ಪ ಜರ್ನಲ್ಲು, ಕೋಶ, ನಾಲ್ಕೂ ಊರಿನ ಕಾಲೇಜಿಗೆ ನೀನ ಕೊಡತಿ, ಹೌದಲ್ಲ?"

"ಹೌದ್ರಿ."

"ಇನ್ನ ಮ್ಯಾಲೆ ಅರ್ಥಶಾಸ್ತ್ರದ್ದು ನಾವು ತಗೋತೇವಿ. ಇಂಡಿಯವ್ರು ರಾಜ್ಯಶಾಸ್ತ್ರ, ಸಿಂದಗಿಯವ್ರು ಇತಿಹಾಸ, ಬಾಗೇವಾಡಿಯವ್ರು ವಾಣಿಜ್ಯ. ಬೇಕಾದಾಗ ಒಬ್ರಿಗೊಬ್ರು ಕೊಟ್ಟು ಇಸ್ಕೊಳ್ಳೂದು. ಈ ಖರ್ಚಿನ ಮಾತು ಬರತೈತಿ ಅಂತ ಗೊತ್ತಿತ್ತು, ಮೂರೂ ಊರಿನ ಲೈಬ್ರರಿಯವ್ರ ಕೂಡ ಮೊದಲ ಮಾತಾಡೇನಿ."

"ಅಂದ್ರ ನಾಲ್ಕು ಮಾರೂವಲ್ಲಿ ನಾ ಒಂದ ಮಾರಬೇಕೇನ್ರಿ?"

"ಹೂಂ."

"ಮತ್ತ ಆ ಊರಿಂದ ಈ ಊರಿಗೆ ಒಯ್ಯಾವ್ರು ಯಾರು?"

"ನೀನ. ಹ್ಯಾಂಗೂ ವಾರಾ ಸುತ್ತತಿ."

"ಬಾಯಾರ, ನನ್ನ ಹೊಟ್ಟಿ ಮ್ಯಾಲೆ ಹೊಡದು, ನನ್ನ ಬೆನ್ನಿಗೇ ಗಂಟು ಹೇರ್ತೀರಲ್ರಿ!"

"ಬೆನ್ನಿಗ್ಯಾಕ? ಗಾಡಿಗೆ ಹೇರು. ಬೆನ್ನರೆ ನಿಂದು, ಗಾಡಿ ಬ್ಯಾಂಕಿನವ್ರದು."

ಸಿಪಾಯಿ ಬಾಗಿಲ ಬಳಿ ನಿಂತು ಕಿಸಕ್ಕನೆ ನಕ್ಕ. ನಾನು ನಗಲಿಲ್ಲ, ಎದ್ದೂ ಹೋಗಲಿಲ್ಲ. ಚೌಕಾಸಿಯಲ್ಲಿ ಎದ್ದು ಹೋದವನಿಗೆ ಏನೂ ದಕ್ಕುವುದಿಲ್ಲ. ನನ್ನ ನೋವು ಎಲ್ಲಿದೆ ಎಂದು ಬಾಯಾರಿಗೆ ಗೊತ್ತಿತ್ತು. ಕಾಲೇಜುಗಳ ಬಿಲ್ಲಿನ ರೊಕ್ಕ ಕೈಗೆ ಬರಲು ವರ್ಷ ಹಿಡಿಯುತ್ತಿತ್ತು. ಅಲ್ಲಿಯ ತನಕ ನಾನು ಮಾರ್ಕೆಟ್ ಯಾರ್ಡಿನ ಒಬ್ಬ ಸಾವಕಾರರಿಗೆ ಬಡ್ಡಿ ಕಟ್ಟುತ್ತಿದ್ದೆ. ತುಟಿಯೊಳಗೆ ಮರಾಠಿ ಎಣಿಕೆ ಮುಗಿಸಿ ಅವರು ಹೇಳಿದರು: "ನಾಲ್ಕೂ ಕಡೆ ಬಿಲ್ಲು ಒಂದ ತಿಂಗಳದಾಗ. ಕಾಗದದ ಮ್ಯಾಲೆ ಬರದು, ಸಹಿ ಮಾಡಿಸಿ ಕೊಡತೇನಿ." ನಾನು ಪಠ್ಯಪುಸ್ತಕದ ಆರ್ಡರನ್ನೂ ಕೇಳಿದೆ. "ರಿಯಾಯಿತಿ ಹೆಚ್ಚ ಮಾಡು, ತಗೋ" ಎಂದರು. ಮಾಡಿದೆ.

ಇನ್ನು ಉಳಿದದ್ದು ಕರೆಂಟು. ಹಗಲು ಹೊತ್ತಿನಲ್ಲೂ ಆ ಹಾಲಿನಲ್ಲಿ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಕಾರಣ ಕೇಳಿದರೆ ನಗುತ್ತೀರಿ. ಊರಿನ ದಾನಿಗಳು ಕೊಟ್ಟ ಕಬ್ಬಿಣದ ಕಪಾಟುಗಳು, ಒಂದೊಂದರ ಹಣೆಯ ಮೇಲೂ ಕೆಂಪು ಬಣ್ಣದಲ್ಲಿ ದಾನಿಯ ಹೆಸರು. ಹೆಸರು ಎಲ್ಲರಿಗೂ ಎದುರಿಗೇ ಕಾಣಲೆಂದು ಅವನ್ನು ಉದ್ದಕ್ಕೂ ಕಿಟಕಿಗಳಿಗೆ ಒತ್ತಿ ನಿಲ್ಲಿಸಿದ್ದರು. ಎಲ್ಲಕ್ಕಿಂತ ದೊಡ್ಡ ಕಿಟಕಿಯನ್ನು ಮುಚ್ಚಿದ್ದು ಚೇರ್ಮನ್ನರ ತಂದೆಯ ಹೆಸರಿನ ಕಪಾಟು. ಅದಕ್ಕೆ ಕೈ ಹಚ್ಚುವವರು ಯಾರು?

ಬಾಯಾರು ಚೇರ್ಮನ್ನರನ್ನು ಕರೆಸಿ ಬಾಗಿಲಲ್ಲೇ ನಿಲ್ಲಿಸಿದರು. "ಇಲ್ಲಿ ನಿಂತು ಅಪ್ಪಾರ ಹೆಸರು ಓದ್ರಿ." ಚೇರ್ಮನ್ನರು ಕಣ್ಣು ಕಿರಿದು ಮಾಡಿದರು. ದೂರ, ಸಾಲದ್ದಕ್ಕೆ ಮೇಲಿನ ಲೈಟಿನ ಹೊಳಪು; ಅಕ್ಷರ ಕಣ್ಣಿಗೆ ಹತ್ತಲಿಲ್ಲ. "ಬಾಗಿಲ ಬಾಜೂಕ ಇಡೋಣೇನ್ರಿ? ಒಳಗ ಬಂದಾವ್ರೆಲ್ಲ ಮೊದಲು ಅವರನ್ನ ನೋಡ್ತಾರ." ಅವರು ಮೀಸೆ ತೀಡಿ, "ಹೆಸರು ಮಾತ್ರ ಗೀಚಬಾರದು ನೋಡ್ರಿ" ಎಂದರು. ಅಷ್ಟೇ ಬೇಕಿತ್ತು. ಅವರ ಕಪಾಟು ಸರಿದ ಮೇಲೆ ಉಳಿದ ದಾನಿಗಳು ಏನೆಂದಾರು? ಆ ಮಧ್ಯಾಹ್ನವೇ ಹುಡುಗಿಯರು ಪುಸ್ತಕ ಖಾಲಿ ಮಾಡಿದರು, ಸಿಪಾಯಿ ಮತ್ತು ನಾನು ನೂಕಿದೆವು. ವರ್ಷಗಟ್ಟಲೆ ಮುಚ್ಚಿದ್ದ ಕಿಟಕಿಗಳಿಂದ ಬಿಸಿಲು ಟೇಬಲ್ಲಿನ ಮೇಲೆ ಬಿತ್ತು... ಒಬ್ಬ ಹುಡುಗಿ ಅದರಲ್ಲಿ ಕೈ ಚಾಚಿ ಸುಮ್ಮನೆ ನೋಡುತ್ತ ನಿಂತಿದ್ದಳು.

ದೀಪಾವಳಿ ಮೀಟಿಂಗಿನ ದಿನ ಬಿಲ್ಲು ಕೊಡುವ ನೆಪ ಮಾಡಿ ನಾನೂ ಅಲ್ಲೇ ಇದ್ದೆ. ಚೇರ್ಮನ್ನರು ಕಾಗದ ತಿರುವಿದರು. "ಅರ್ಧ ಆಗಿಲ್ಲಲ್ರಿ ಬಾಯಾರ."

"ಆಗಿಲ್ರಿ. ಅರ್ಧ ಆಗಬೇಕಾದ್ರ ಸಿಪಾಯಿನ್ನ ತಗೀಬೇಕು. ತಗ್ಯಂಗಿಲ್ಲ. ಸಂಜಿಕ ಹುಡುಗ್ಯಾರ್ನ ಬಸ್ಸಿಗೆ ಹತ್ತಿಸಿ ಬರಾಂವ ಅಂವ."

ಇದಕ್ಕೆ ಮುಂದೆ ಅವರು ಒಂದು ಮಾತೂ ಸೇರಿಸಲಿಲ್ಲ. ಬೆಲೆ ಹೇಳಿ ಬಾಯಿ ಮುಚ್ಚಿ ಕೂಡುವುದು ಎಷ್ಟು ಕಷ್ಟ ಎಂದು ನನ್ನಂಥ ವ್ಯಾಪಾರಿಗೆ ಗೊತ್ತು. ಚೇರ್ಮನ್ನರೇ ಮೊದಲು ಸೋತರು. "ಆತು, ಒಂದು ವರ್ಷ ನೋಡೋಣು."

ಆ ಒಂದು ವರ್ಷ ಬಾಯಾರು ನಿವೃತ್ತರಾಗುವ ತನಕ ನಡೆಯಿತು. ಬಾಗೇವಾಡಿಯವರು ನಡುವೆ ಕೈ ಬಿಟ್ಟರು; ಪುಸ್ತಕ ಕಳೆದರೆ ಪಗಾರದಲ್ಲಿ ಹಿಡಿಯುತ್ತಾರೆಂಬ ಅಂಜಿಕೆ. ಉಳಿದ ಮೂವರು ಗಟ್ಟಿಯಾಗಿ ನಿಂತರು. ನನ್ನ ಮಾರಾಟ ಇಳಿಯಿತು, ನಿಜ. ಆದರೆ ಬಡ್ಡಿಯೂ ಹೋಯಿತು. ಸಿಂದಗಿಯಲ್ಲಿ ಇಂದು ನನ್ನದೊಂದು ಅಂಗಡಿ ಇದ್ದರೆ ಅದು ಕೈಗೆ ಬೇಗ ಬಂದ ಆ ಬಿಲ್ಲುಗಳಿಂದ.

ಬಾಯಾರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಮುಟ್ಟಿತು. ಹೋಗುವಷ್ಟರಲ್ಲಿ ಮನೆಯವರು ಕೀಲಿ ಹಾಕಿ ಪುಣೆಗೆ ಹೊರಟುಹೋಗಿದ್ದರು. ಹಾಗೇ ಕಾಲೇಜಿನ ಕಡೆ ನಡೆದೆ. ಲೈಬ್ರರಿಯ ಬಾಗಿಲಿಗೆ ಹೊಸ ಬೋರ್ಡು: ಮಧ್ಯಾಹ್ನ ಎರಡರವರೆಗೆ ಮಾತ್ರ. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಮೂವರು ಹುಡುಗಿಯರು ಚೀಲ ಎದೆಗವಚಿಕೊಂಡು ಗೋಡೆಗೆ ಒತ್ತಿ ನಿಂತಿದ್ದರು. ಮುಂಚೆ ಎಷ್ಟು ಮಂದಿ ಇರುತ್ತಿದ್ದರು... ಉಳಿದವರನ್ನು ಮನೆಯವರು ಕಾಲೇಜು ಬಿಡಿಸಿದರೋ ಏನೋ. ಅವರ ಪರವಾಗಿ ಪಟ್ಟು ಹಿಡಿದು ಕೂಡುವವರು ಆ ಕಾಲೇಜಿನಲ್ಲಿ ಈಗ ಯಾರೂ ಇಲ್ಲ.

ಸೋಮವಾರ ನಾನು ಹೋಗಿ ಕಾಲೇಜಿನ ಕಮಿಟಿಯ ಮುಂದೆ ಕೂಡುತ್ತೇನೆ. ಈಗಿನ ಚೇರ್ಮನ್ನರಿಗೆ ಫೋನ್ ಮಾಡಿ ಹೇಳಿಯೂ ಆಗಿದೆ.

ನಿಮಗೂ ಒಂದು ಮಾತು. ನಿಮ್ಮೂರ ಕಾಲೇಜಿನ ಲೈಬ್ರರಿಗೆ ಎಷ್ಟಕ್ಕೆ ಕೀಲಿ ಬೀಳುತ್ತದೆ, ಹಳ್ಳಿಯ ಬಸ್ಸು ಎಷ್ಟಕ್ಕೆ ಬಿಡುತ್ತದೆ, ಎರಡನ್ನೂ ಇವತ್ತೇ ವಿಚಾರಿಸಿರಿ. ಹೊತ್ತು ಕೂಡಿಬರದಿದ್ದರೆ ಕಮಿಟಿಯವರ ಮುಂದೆ ಹೋಗಿ ಕೂಡ್ರಿ. ಖರ್ಚು ಕಡಿಮೆ ಮಾಡಿರಿ ಎಂದರೆ ಬೇಡ ಎನ್ನಬೇಡಿ, ಮಾಡೋಣ ಎನ್ನಿರಿ. ಆದರೆ ಯಾವುದಕ್ಕೆ ಕತ್ತರಿ ಹಾಕಬಾರದು ಎಂಬುದನ್ನು ಮೊದಲು ಹೇಳಿರಿ. ಹೇಳಿದ ಮೇಲೆ ಸುಮ್ಮನೆ ಕೂಡ್ರಿ. ಅವರು ಮಾತಾಡುವ ತನಕ ಕುರ್ಚಿ ಬಿಟ್ಟು ಏಳಬೇಡಿ.