ಹೇಳದೆ ಬರುವ ನೀರು

ಶಿವರಾತ್ರಿ ಮುಗಿದ ವಾರವೇ ಸಿಂದಗಿ ಬಸ್ ನಿಲ್ದಾಣದಿಂದ ನಾವು ಮೂವರು ಹೊರಟೆವು. ನಾನು, ನನ್ನ ಅಕ್ಕ ನೀಲವ್ವ, ಅವಳ ಗಂಡ ಶಿವಪ್ಪ ಮಾಮಾ. ಅವರಿಬ್ಬರೂ ನಿಡಗುಂದಿಯವರು, ಹೊಳೆದಂಡೆಯ ಹೊಲದ ರೈತರು. ಅಕ್ಕನಿಗೆ ಒಮ್ಮೆಯಾದರೂ ಸಮುದ್ರ ನೋಡಬೇಕಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದ ನನಗೆ ಅರೆಬರೆ ತಯಾರಿ ಸೇರದು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಇಂಡಿ ಊರಿನ ನಿಂಬೆಹಣ್ಣು, ಮಾತ್ರೆ, ಗಾಯದ ಪಟ್ಟಿ, ಆಧಾರ್ ಕಾರ್ಡು ಎಲ್ಲ ನಾನೇ ಕಟ್ಟಿದ್ದೆ.

ಅಂಡಮಾನಿನ ಪೋರ್ಟ್ ಬ್ಲೇರ್ ಊರಿಗೆ ಈಗ ಶ್ರೀ ವಿಜಯಪುರಂ ಎಂದು ಹೆಸರು. ಟಿಕೆಟ್ ಓದಿ ಹೇಳಿದಾಗ ಮಾಮಾ ನಕ್ಕರು.

"ವಿಜಯಪುರಕ್ಕ ಹೋಗಾಕ ಹೈದರಾಬಾದ್ ಸುತ್ತಿ ಇಮಾನ ಹತ್ತಬೇಕೇನವಾ? ಇಲ್ಲಿಂದ ತಾಸಿನ ದಾರಿ ಐತಿ!"

ಹೈದರಾಬಾದಿನಿಂದ ವಿಮಾನಕ್ಕೆ ಎರಡೂವರೆ ತಾಸು ಹಿಡಿಯಿತು. ನಮ್ಮ ದೇಶದವರಿಗೆ ಪಟ್ಟಣ ಮತ್ತು ಪ್ರವಾಸಿಗರು ಹೋಗುವ ದ್ವೀಪಗಳಿಗೆ ಬೇರೆ ಪರವಾನಗಿ ಬೇಡ, ಗುರುತಿನ ಚೀಟಿ ಸಾಕು. ನಗದು ಸ್ವಲ್ಪ ಹೆಚ್ಚೇ ಇರಲಿ, ಸಣ್ಣ ದ್ವೀಪಗಳಲ್ಲಿ ಫೋನಿನ ಸಿಗ್ನಲ್ಲನ್ನು ನಂಬುವಂತಿಲ್ಲ. ನನಗೆ ಮೊದಲ ಪೆಟ್ಟು ಕೊಟ್ಟದ್ದು ಸೂರ್ಯ. ನಾನು ಐದೂವರೆಗೆ ಏಳುವವಳು. ಎದ್ದು ಕಿಟಕಿ ತೆಗೆದರೆ ಹೊರಗೆ ಆಗಲೇ ಬೆಳಕು. ಅದೇ ಸಂಜೆ ಚಹಾ ಕುಡಿದು ಹೊರಗೆ ಬರುವಷ್ಟರಲ್ಲಿ ಕತ್ತಲು. ಗಡಿಯಾರ ನಮ್ಮದೇ, ಹೊತ್ತು ಬೇರೆ. ನೋಡುವುದನ್ನೆಲ್ಲ ಮಧ್ಯಾಹ್ನ ಮೂರರೊಳಗೆ ಮುಗಿಸಿಕೊಳ್ಳಿ.

ಮರುದಿನ ಶಹೀದ್ ದ್ವೀಪಕ್ಕೆ ಹಡಗು. ಸರ್ಕಾರಿ ಹಡಗು ಅಗ್ಗ, ಆದರೆ ಟಿಕೆಟ್ ಸಿಗುವುದು ಕಷ್ಟ. ಖಾಸಗಿಯದಕ್ಕೆ ತಲೆಗೆ ಸಾವಿರದ ಮೇಲೆ. ಎರಡು ತಾಸಿನ ದಾರಿಯಲ್ಲಿ ಅಕ್ಕ ನಿಂಬೆಹಣ್ಣು ಮೂಸುತ್ತ ಕಣ್ಣುಮುಚ್ಚಿ ಕುಳಿತಳು. ಮಾಮಾ ಮಾತ್ರ ಕಿಟಕಿಯ ಗಾಜಿಗೆ ಮೂಗು ಹಚ್ಚಿದ್ದರು. "ನಾ ಹರಗೋಲಿನಾಗ ಬೆಳದಾಂವ, ನನಗೇನಾಗತೈತಿ?" ಎಂದರು.

ನಾವು ಇಳಿದುಕೊಂಡದ್ದು ಹಡಗು ನಿಲ್ಲುವ ಜೆಟ್ಟಿಯ ಹತ್ತಿರ ಒಬ್ಬ ಬಂಗಾಲಿ ಹೆಂಗಸಿನ ಮನೆಯಲ್ಲಿ. ಎಲ್ಲರೂ ಅವಳನ್ನು ಬೌದಿ ಎನ್ನುತ್ತಿದ್ದರು, ಅತ್ತಿಗೆ ಎಂದು ಅರ್ಥವಂತೆ. ಮೀನು ತಿನ್ನದವರು ಹೋದ ಕೂಡಲೇ ಹೇಳಿಬಿಡಿ. ನಮಗೆ ಅನ್ನ, ಬೇಳೆ, ಬದನೆಕಾಯಿ ಮಾಡಿಕೊಟ್ಟಳು, ರುಚಿಯಾಗಿತ್ತು.

ಮರುದಿನ ಬೆಳಿಗ್ಗೆ ದಂಡೆಗೆ ಹೋದವರು ನಿಂತಲ್ಲೇ ನಿಂತೆವು. ಹಿಂದಿನ ಮಧ್ಯಾಹ್ನ ಅಲೆ ಹೊಡೆಯುತ್ತಿದ್ದ ಜಾಗದಲ್ಲಿ ಸಮುದ್ರವೇ ಇರಲಿಲ್ಲ. ಕಪ್ಪು ಬಂಡೆ, ಹವಳದ ಚೂರು, ಅಲ್ಲಲ್ಲಿ ಹೊಂಡದ ನೀರು. ಒಂದು ದೋಣಿ ಒಣಗಿದ ನೆಲದ ಮೇಲೆ ಪಕ್ಕಕ್ಕೆ ವಾಲಿ ಮಲಗಿತ್ತು.

"ಅಯ್ಯ ಶಿವನ, ಸಮುದ್ರ ಎಲ್ಲಿ ಹೋತು?" ಎಂದಳು ಅಕ್ಕ.

"ನೀರು ಇಳದೈತಿ. ನಮ್ಮ ಹೊಳಿ ಬ್ಯಾಸಗ್ಯಾಗ ಇಳಿಯೂದಿಲ್ಲೇನು?" ಎಂದರು ಮಾಮಾ.

ಒಂಬತ್ತರ ಮೇಲೆ ನೀರು ತಿರುಗುತ್ತದೆ, ಹತ್ತರೊಳಗೆ ದಂಡೆಗೆ ಬಂದುಬಿಡಿ ಎಂದು ಬೌದಿ ಹೇಳಿದ್ದಳು. ನಾನು ಅದನ್ನು ಕನ್ನಡದಲ್ಲಿ ತಿಳಿಸಿದೆ.

"ನೀರ ಬಿಡೂ ಮುಂದ ಸೈರನ್ ಊದತಾರಲ್ಲ? ಆಗ ಎದ್ದ ಬರ್ತೇನಿ" ಎಂದು ಕೋಲು ಊರುತ್ತ ಅವರು ಇಳಿದರು.

ನಮ್ಮಲ್ಲಿ ಆಣೆಕಟ್ಟಿನ ಗೇಟ್ ತೆಗೆದು ಹೊಳೆಗೆ ನೀರು ಬಿಡುವ ಮುಂಚೆ ಸೈರನ್ ಮೊಳಗುತ್ತದೆ, ಹಳ್ಳಿಗಳಲ್ಲಿ ಡಂಗುರ ಸಾರುತ್ತಾರೆ. ಅದನ್ನು ಕೇಳಿಯೇ ದಂಡೆಯ ರೈತರು ಪಂಪ್‌ಸೆಟ್ ಎತ್ತಿ ಮೇಲಕ್ಕೆ ಸಾಗಿಸುತ್ತಾರೆ. ಮಾಮಾ ಚೇಷ್ಟೆಗೆ ಹೇಳಿದರೆಂದು ನಾನು ನಕ್ಕೆ. ಅವರು ನಿಜವಾಗಿಯೇ ಹೇಳಿದ್ದರು.

ಅಕ್ಕನಿಗೆ ಮೊಣಕಾಲು ನೋವು, ಮರದ ನೆರಳಿನಲ್ಲಿ ಕುಳಿತಳು. ಮಾಮಾ ದೂರದ ಅಗಲ ಬಂಡೆಯೊಂದರ ಮೇಲೆ ಟವೆಲ್ಲು ಹಾಸಿ, ನಮಗೆ ಬೆನ್ನು ಮಾಡಿ, ಹೊಂಡದ ಮೀನು ನೋಡುತ್ತ ಕುಳಿತರು. ನಾನು ಮರಳುವ ಹಡಗಿನ ವೇಳೆ ಕೇಳಲು ಜೆಟ್ಟಿಗೆ ಹೋದೆ. ಅಲ್ಲಿ ಸಾಲು ಉದ್ದವಿತ್ತು.

ಅಕ್ಕನ ಕೂಗು ಕೇಳಿ ಓಡಿಬಂದೆ. ಅಲೆ ಎದುರಿನಿಂದ ಬರುತ್ತದೆ ಎಂದುಕೊಂಡಿದ್ದವಳು ನಾನು. ನೀರು ಬದಿಯಿಂದ, ತಗ್ಗು ಹಿಡಿದು, ಸದ್ದಿಲ್ಲದೆ ಮಾಮಾನ ಬೆನ್ನ ಹಿಂದೆ ತುಂಬಿಬಿಟ್ಟಿತ್ತು. ಅವರಿಗೂ ದಂಡೆಗೂ ನಡುವೆ ಹಸಿರು ನೀರಿನ ಕಾಲುವೆ. ಅವರ ಮುಂದೆ ಬಂಡೆ ಇನ್ನೂ ಒಣಗಿಯೇ ಇತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ.

"ಏಳ್ರಿ! ನೀರ್ ಬಂತ್ರೀ!" ಅಕ್ಕ ಸೆರಗು ಬೀಸುತ್ತಿದ್ದಳು. ಗಾಳಿ ಅವಳ ದನಿಯನ್ನು ಹಿಂದಕ್ಕೇ ಎಸೆಯುತ್ತಿತ್ತು.

ಕೊನೆಗೆ ಮಾಮಾ ತಿರುಗಿದರು. ನಿಂತರು. ಕೋಲು ಇಳಿಬಿಟ್ಟು ನೋಡಿದರು, ತಳ ಸಿಗಲಿಲ್ಲ. ಈಜು ಬಲ್ಲವರು, ಧೋತರ ಎತ್ತಿ ಕಟ್ಟಿ ಇಳಿದರು. ಹವಳ ಕಾಲು ಸೀಳಿತು, ಸೆಳೆತ ಅಡ್ಡಕ್ಕೆ ಒಯ್ದಿತು. ಹೇಗೋ ಬಂಡೆಗೆ ಮರಳಿ ಅಂಟಿಕೊಂಡರು. ಅಷ್ಟರಲ್ಲಿ ಬಂಡೆಯೂ ಮುಳುಗಿತ್ತು. ಗಾಜಿನ ತಳದ ದೋಣಿಯಲ್ಲಿ ಜನರಿಗೆ ಮೀನು ತೋರಿಸುವವನೊಬ್ಬ ಜೆಟ್ಟಿಯ ಕೆಳಗೆ ಇದ್ದ. ನನ್ನ ಸಿಂದಗಿ ಹಿಂದಿಯಲ್ಲಿ ಏನು ಕೂಗಿದೆನೋ ತಿಳಿಯದು, ಅವನು ಹಗ್ಗ ಬಿಚ್ಚಿದ. ದೋಣಿ ಮುಟ್ಟಿದಾಗ ನೀರು ಮಾಮಾನ ಎದೆಗೆ ಬಂದಿತ್ತು. ಅವನೂ ಅವನ ಜೊತೆಯ ಹುಡುಗನೂ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು.

ದಂಡೆಯಲ್ಲಿ ಇಳಿಸಿದಾಗ ಮಾಮಾ ದೋಣಿಯವನ ಅಂಗಿ ಹಿಡಿದು ಕನ್ನಡದಲ್ಲೇ ಕೇಳಿದರು, "ಗೇಟ್ ಯಾರ್ ತಗದ್ರೋ?"

ಪಾದದ ಗಾಯ ತೊಳೆದು ಪಟ್ಟಿ ಕಟ್ಟಿದೆ. ಆ ದಿನ ಮಾಮಾ ಊಟ ಮುಟ್ಟಲಿಲ್ಲ.

"ಒಂದ್ ಮಾತಾರ ಹೇಳಬಾರದೇನವಾ ಆ ನೀರು?" ಎಂದರು.

"ಬೌದಿ ಹೇಳಿದ್ಲಲ್ಲ. ನೀವು ಸೈರನ್ ಕೇಳಾಕ ಕುಂತಿದ್ರಿ" ಎಂದಳು ಅಕ್ಕ. ಬೈದವಳು ಅವರ ಒದ್ದೆ ಧೋತರದ ಚುಂಗನ್ನು ಮಾತ್ರ ಕೈಯಿಂದ ಬಿಡಲಿಲ್ಲ.

ಮರುದಿನ ಮಧ್ಯಾಹ್ನಕ್ಕೆ ಮುಂಚೆ ನಮ್ಮ ಹಡಗು. ಚೀಲ ಕಟ್ಟಿ ಹೊರಬಂದರೆ ಮಾಮಾ ಇಲ್ಲ. ಪಟ್ಟಿ ಕಟ್ಟಿದ ಕಾಲಿನಲ್ಲಿ ಕುಂಟುತ್ತ ದಂಡೆಗೆ ಹೋಗಿದ್ದರು. ಸಮುದ್ರ ಮತ್ತೆ ಇಳಿದಿತ್ತು. ಪ್ರವಾಸಿಗರು ಅದೇ ಬಂಡೆಗಳ ಮೇಲೆ ಫೋಟೋ ತೆಗೆದುಕೊಳ್ಳುತ್ತಿದ್ದರು. ಮಾಮಾ ಅಂಚಿನಲ್ಲಿ ನಿಂತು ಟವೆಲ್ಲು ಬೀಸುತ್ತ ಅರಚುತ್ತಿದ್ದರು.

"ಹೊಳ್ಳಿ ಬರ್ರೀ! ಅದು ಹೇಳಿ ಬರೂದಿಲ್ರೀ!"

ಒಬ್ಬ ಗೈಡು ಹತ್ತಿರ ಬಂದು, ಇನ್ನೂ ಹೊತ್ತಿದೆ ಚಾಚಾ ಎಂದ. ನಾನು ಕನ್ನಡದಲ್ಲಿ ಹೇಳಿದೆ.

"ನಿನ್ನಿನೂ ಹೊತ್ತಿತ್ತು" ಎಂದರು ಮಾಮಾ.

"ಹಡಗ ಹೋಗತೈತ್ರಿ!" ಎಂದಳು ಅಕ್ಕ.

"ಹೋಗಲಿ."

ಹಡಗಿಗೆ ಅರ್ಧ ತಾಸು ಮೊದಲೇ ಜೆಟ್ಟಿಯಲ್ಲಿರಬೇಕು, ನೀವು ಹೋದರೆ ಇದನ್ನು ಮರೆಯಬೇಡಿ. ನಾನು ಚೀಲ ಮರಳಿನ ಮೇಲಿಟ್ಟು ಮಾಮಾನ ಪಕ್ಕದಲ್ಲಿ ನಿಂತೆ. ಅವರು ಕನ್ನಡದಲ್ಲಿ ಕೂಗಿದ್ದನ್ನು ಹಿಂದಿಯಲ್ಲಿ ಕೂಗಿದೆ. ಕೆಲವರು ನಕ್ಕರು, ಕೆಲವರು ಬಂದರು. ಎಲ್ಲರಿಗಿಂತ ದೂರ ಒಬ್ಬ ತಾಯಿ ಮಗಳನ್ನು ಬಂಡೆಯ ಮೇಲೆ ನಿಲ್ಲಿಸಿಕೊಂಡಿದ್ದಳು. ಅವಳು ಬರುವತನಕ ಮಾಮಾ ಕದಲಲಿಲ್ಲ. ಕೊನೆಗೆ ಮಗಳ ಕೈ ಹಿಡಿದು, ಮುಖ ಗಂಟಿಕ್ಕಿ ಬಂದಳು.

"ಯಾರು ಈ ಮುದುಕ? ಇಲ್ಲಿಯ ಸರ್ಕಾರದವರಾ?" ಎಂದು ನನ್ನನ್ನು ಕೇಳಿದಳು.

"ಹೌದು" ಎಂದೆ.

ಚೀಲ ಎತ್ತಿಕೊಂಡು ಮೂವರೂ ಜೆಟ್ಟಿಯತ್ತ ಆದಷ್ಟು ಬೇಗ ಹೆಜ್ಜೆ ಹಾಕಿದೆವು. ನಡೆಯುತ್ತಲೇ ಒಮ್ಮೆ ತಿರುಗಿ ನೋಡಿದೆ. ತಾಯಿ ಮಗಳು ದಾಟಿ ಬಂದ ತಗ್ಗಿನಲ್ಲಿ ನೀರು ಆಗಲೇ ಹೊಳೆಯುತ್ತಿತ್ತು.