ಬೀರುವಿನ ಮೇಲಿನ ಹೆಬ್ಬೆಟ್ಟು

ಬೆರಳಚ್ಚಿನ ವಿಷಯವನ್ನು ಕೋರ್ಟಿನಲ್ಲಿ ನನ್ನಷ್ಟು ಚೆನ್ನಾಗಿ ಬಿಡಿಸಿ ಹೇಳುವವರು ಬಳ್ಳಾರಿಯಲ್ಲಿ ಇನ್ನೊಬ್ಬರಿಲ್ಲ ಅಂತ ನನಗೊಂದು ಜಂಬವಿತ್ತು. ಉಳಿದ ತಜ್ಞರು ಸಾಕ್ಷಿಕಟ್ಟೆ ಹತ್ತಿ ಒಂದಷ್ಟು ಇಂಗ್ಲಿಷ್ ಉದುರಿಸಿ ಇಳಿಯುತ್ತಾರೆ. ವಕೀಲರು ಆಕಳಿಸುತ್ತಾರೆ. ನಾನೋ ಕುರುಗೋಡಿನವನು, ನಮ್ಮ ಜನಕ್ಕೆ ಹೇಗೆ ಹೇಳಿದರೆ ತಲೆಗೆ ಹೋಗುತ್ತದೆಂದು ಬಲ್ಲೆ.

ಅವತ್ತು ಸಿರುಗುಪ್ಪದ ಕೋರ್ಟಿನಲ್ಲಿ ಕಳ್ಳತನದ ಕೇಸು. ಒಂದು ಮನೆಯ ಬೀರುವಿನಿಂದ ಬಂಗಾರ ಹೋಗಿತ್ತು. ಬೀರುವಿನ ಬಾಗಿಲ ಮೇಲೆ ಸಿಕ್ಕ ಹೆಬ್ಬೆಟ್ಟಿನ ಗುರುತು ಕರೂರಿನ ಒಬ್ಬ ಹಮಾಲಿಯದು. ಅವನು ಕಟಕಟೆಯಲ್ಲಿ ನಿಂತಿದ್ದ, ಹೆಂಡತಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವನು ಜೈಲಿಗೆ ಹೋಗುವುದು ಬಿಡುವುದು ಹೆಚ್ಚುಕಡಿಮೆ ನನ್ನ ಮಾತಿನ ಮೇಲೆಯೇ ನಿಂತಿತ್ತು.

ಬೀರುವಿನ ಮೇಲೆ ಸಿಕ್ಕದ್ದು, ಅವನ ಕೈಯಿಂದ ಒತ್ತಿಸಿಕೊಂಡದ್ದು, ಎರಡು ಗುರುತುಗಳನ್ನೂ ದೊಡ್ಡದು ಮಾಡಿಸಿ ತಂದಿದ್ದೆ. ಭತ್ತದ ಹೊಲವನ್ನು ಎತ್ತರದಿಂದ ನೋಡಿದಂತೆ ನೋಡಿ ಎಂದೆ. ಇಲ್ಲಿ ಒಂದು ಬದು ಕವಲೊಡೆದಿದೆ, ಅಲ್ಲೂ ಒಡೆದಿದೆ. ಇಲ್ಲಿ ಒಂದು ಬದು ಅರ್ಧಕ್ಕೇ ನಿಂತಿದೆ, ಅಲ್ಲೂ ನಿಂತಿದೆ. ಭತ್ತದ ಸೀಮೆಯ ಜನಕ್ಕೆ ಇದಕ್ಕಿಂತ ಸಲೀಸಾಗಿ ಹೇಳುವುದು ಹೇಗೆ? ಗುಮಾಸ್ತ ಕೂಡ ಬರೆಯುವುದು ಬಿಟ್ಟು ಕತ್ತು ಚಾಚಿದ. ನಾನು ಒಳಗೊಳಗೇ ಬೀಗಿದೆ.

ಇದೆಲ್ಲ ನಿನಗೆ ತಿಳಿಯಿತೇನಪ್ಪಾ ಎಂದು ನ್ಯಾಯಾಧೀಶರು ಹಮಾಲಿಯನ್ನು ಕೇಳಿದರು. ಅವನು ಚಿತ್ರಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೈಮುಗಿದ.

"ತಿಳೀತ್ರಿ ಸಾಹೇಬ್ರ. ಬೆಟ್ಟು ನಂದಾ ಐತಿ. ಹಂಗಾದ್ರ ನಾನಾ ತಗಂಡಿರಬೇಕು. ಆದ್ರ ನನಗ ನೆನಪಾಗವಲ್ದು."

ಕೋರ್ಟಿನಲ್ಲಿ ಯಾರೂ ನಗಲಿಲ್ಲ. ಬೀರು ಮುಟ್ಟಿದ್ದಾನೆ ಅನ್ನುವುದನ್ನು ನಾನು ಎಷ್ಟು ಚೆಂದ ಹೇಳಿದ್ದೆನೆಂದರೆ, ಕದ್ದಿದ್ದಾನೆ ಅಂತ ಅವನೇ ನಂಬಿಬಿಟ್ಟಿದ್ದ.

ಅವನ ವಕೀಲರು ಎದ್ದು ಒಂದೇ ಪ್ರಶ್ನೆ ಕೇಳಿದರು. ಈ ಗುರುತು ಮೂಡಿದ್ದು ಯಾವಾಗ? ಅದನ್ನು ಹೇಳಲು ಬರುವುದಿಲ್ಲ ಎಂದೆ. ಆ ಮನೆಯವರು ಮನೆ ಬದಲಿಸಿದಾಗ ಈ ಬೀರು ಹೊತ್ತು ತಂದವನು ಇವನೇ ಆಗಿದ್ದ. ಊರಿನ ಎಷ್ಟೋ ಬೀರು ಹೊತ್ತವನಿಗೆ ಇದೊಂದು ನೆನಪಿರಲಿಲ್ಲ, ಹೆಂಡತಿಗೆ ನೆನಪಿತ್ತು, ವಕೀಲರಿಗೆ ಹೇಳಿದವಳು ಅವಳೇ. ಗುರುತಿಗೆ ಹೊತ್ತುಗೊತ್ತು ಇರುವುದಿಲ್ಲ ಅನ್ನುವುದು ನನಗೆ ಕೆಲಸ ಕಲಿತ ಮೊದಲ ವಾರದಿಂದ ಗೊತ್ತು. ಹೇಳಿದರೆ ನನ್ನ ಹೊಲದ ಚಿತ್ರ ಕೆಡುತ್ತಿತ್ತು, ಅದಕ್ಕೇ ಬಾಯಿಬಿಟ್ಟಿರಲಿಲ್ಲ. ಎಂಥ ನಾಚಿಕೆಗೇಡು.

ಅವನ ಬಿಡುಗಡೆಯಾದ ದಿನ ಬೇರೆ ಕೇಸಿಗೆಂದು ನಾನೂ ಅಲ್ಲೇ ಇದ್ದೆ. ವಾಪಸ್ ಹೊರಟ ಬಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರೂ ನನ್ನ ಪಕ್ಕದಲ್ಲೇ ನಿಂತಿದ್ದರು. ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ನಮಸ್ಕಾರ ಮಾಡಿದ. ಅದು ಇನ್ನೂ ಕಷ್ಟವಾಯಿತು. ಬಸ್ಸು ಕುಲುಕಿದಾಗಲೆಲ್ಲ ಅವನು ವಾಲುತ್ತಿದ್ದ, ಆದರೂ ಎರಡೂ ಕೈ ಕಂಕುಳಲ್ಲಿ ಅಮುಕಿಕೊಂಡೇ ಇದ್ದ. ಬೀಳ್ತೀಯಪ್ಪ, ಕಂಬಿ ಹಿಡ್ಕೋ ಎಂದೆ.

"ಬ್ಯಾಡ್ರಿ ಸಾಹೇಬ್ರ," ಅಂದ. "ಮತ್ತ ಬೆಟ್ಟು ಮೂಡತೈತಿ."

ಅವರು ಇಳಿಯುವ ತನಕ ಹೆಂಡತಿಯೇ ಅವನ ರಟ್ಟೆ ಹಿಡಿದುಕೊಂಡಿದ್ದಳು.