ವಿಭೂತಿ ಹಚ್ಚಿದ ಬ್ಯಾಟರಿ

ನನ್ನ ತಂಗಿ ಕೊಟ್ರಬಸಮ್ಮನ ಗಂಡ ತಿಪ್ಪೇರುದ್ರಪ್ಪ ಯಾರನ್ನೂ ನಂಬುವ ಆಸಾಮಿ ಅಲ್ಲ. ಹಾಲು ಬಂದರೆ ಬೆರಳು ಅದ್ದಿ ನೋಡುತ್ತಿದ್ದ. ಸಂತೆಗೆ ಹೋದರೆ ತೂಕದ ಕಲ್ಲನ್ನು ತಿರುವಿ ನೋಡುತ್ತಿದ್ದ. ಹೆಣ್ಣು ನೋಡಲು ಬಂದ ದಿನ ನಮ್ಮ ಮನೆಯ ರೇಡಿಯೋದ ಬೆನ್ನು ಬಿಚ್ಚಿ ನೋಡಿದ ಪುಣ್ಯಾತ್ಮ. ಇಂಥವನಿಗೆ ತಂಗಿಯನ್ನು ಕೊಟ್ಟೆವಲ್ಲ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅವನದು ರೇಡಿಯೋ ರಿಪೇರಿ ಅಂಗಡಿ. ಎಂಬತ್ತರ ದಶಕದ ಶುರುವಿನಲ್ಲಿ ಬೊಂಬಾಯಿಯಿಂದ ಒಂದು ಹಳೆಯ ರಿಮೋಟ್ ಸೆಟ್ಟು ತರಿಸಿದ, ನೆಲದ ಮೇಲೆ ನಿಂತು ಪುಟ್ಟ ವಿಮಾನ ಹಾರಿಸುವಂಥದ್ದು. ವಿಮಾನ ಕಟ್ಟಿದವನು ಕುರುಗೋಡಿನ ಬಡಗಿ ಹೊನ್ನೂರಪ್ಪ, ಅವನ ಜೀವದ ಗೆಳೆಯ. ವರ್ಷವಿಡೀ ಭಾನುವಾರಗಳಂದು ಬಸ್ಸಿನಲ್ಲಿ ಬಂದು, ಹಗುರ ಕಟ್ಟಿಗೆ ಸೀಳಿ, ಉಜ್ಜಿ, ತೆಳು ಕಾಗದ ಅಂಟಿಸಿದ್ದ. ತಿಪ್ಪೇರುದ್ರಪ್ಪ ಈ ಲೋಕದಲ್ಲಿ ನಂಬಿದ್ದು ಇವನೊಬ್ಬನನ್ನೇ ಎಂದು ನಾವೆಲ್ಲ ತಿಳಿದಿದ್ದೆವು.

ವಿಮಾನದೊಳಗೆ ಇಡಲು ಮೂರು ಬ್ಯಾಟರಿಗಳಿದ್ದವು. ಮತ್ತೆ ಮತ್ತೆ ಚಾರ್ಜು ಮಾಡುವಂಥವು, ಮೂರಕ್ಕೂ ಒಂದೇ ಹಳದಿ ಹೊದಿಕೆ. ಮೇಲೆ ಹಾರುವಾಗ ಬ್ಯಾಟರಿ ಕೈಕೊಟ್ಟರೆ ಚುಕ್ಕಾಣಿ ತಿರುಗುವುದಿಲ್ಲ, ಹೊನ್ನೂರಪ್ಪನ ವರ್ಷದ ದುಡಿಮೆ ಮಣ್ಣುಪಾಲು. ಮೀಟರು ಹಚ್ಚಿದರೆ ಮೂರೂ ಅದರ ಮುಳ್ಳನ್ನು ಒಂದೇ ಎತ್ತರಕ್ಕೆ ಏರಿಸುತ್ತಿದ್ದವು. ತಿಪ್ಪೇರುದ್ರಪ್ಪನಿಗೆ ಮೀಟರಿನ ಮೇಲೂ ಗುಮಾನಿ.

"ಉಂಡವರಂಗ ಕಾಣ್ತಾವು. ಕೆಲಸಕ್ಕ ಹಚ್ಚಿದ್ರ ಗೊತ್ತಾಗ್ತೈತಿ" ಎಂದು ಒಂದೊಂದಕ್ಕೂ ಟಾರ್ಚಿನ ಬಲ್ಬು ಕಟ್ಟಿ ಎದುರು ಕುಳಿತ. ಎರಡು ಬ್ಯಾಟರಿ ತಾಸು ದಾಟಿದರೂ ಬಲ್ಬನ್ನು ಬೆಳ್ಳಗೆ ಉರಿಸಿದವು. ಮೂರನೆಯದು ಚಾ ಆರುವುದರೊಳಗೆ ಮಂಕಾಯಿತು. ಚೀಟಿ ಅಂಟಿಸಿದರೆ ಯಾರಾದರೂ ಕಿತ್ತು ಬದಲಿಸಿಯಾರು ಎಂದು, ಹಣೆಗೆ ಹಚ್ಚುವ ವಿಭೂತಿಯನ್ನೇ ನೆನೆಸಿ, ಗೆದ್ದ ಎರಡರ ಮೇಲೆ ಮೂರು ಬೆರಳು ಎಳೆದ. ಸೋತದ್ದನ್ನು ಬರಿದೇ ಬಿಟ್ಟ. ಕರೆಂಟು ಹೋದಾಗ ಬೇಕಾದೀತೆಂದು ಅದನ್ನೂ ಚಾರ್ಜು ಮಾಡಿ ಅದೇ ಹಲಗೆಯ ಮೇಲಿಟ್ಟ.

ಮೊದಲ ಸಲ ಹಾರಿಸಲು ವಿಜಯದಶಮಿಯನ್ನು ಗೊತ್ತು ಮಾಡಿದರು. ಹಿಂದಿನ ದಿನ, ಆಯುಧ ಪೂಜೆಯಂದೇ, ತಿಪ್ಪೇರುದ್ರಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯವರ ರೇಡಿಯೋ ನೋಡಲು ಹೋಗಿ ಅಲ್ಲೇ ಉಳಿದ. ದಶಮಿಯ ಬೆಳಿಗ್ಗೆ ನೇರ ರೂಪನಗುಡಿಯ ಬಯಲಿಗೆ ಬಂದ. ವಿಭೂತಿ ಇರುವ ಬ್ಯಾಟರಿ ತಾ ಎಂದು ಮೊದಲೇ ಹೇಳಿದ್ದ ಪ್ರಕಾರ ಹೊನ್ನೂರಪ್ಪ ಅಂಗಡಿಯಿಂದ ಒಂದನ್ನು ತಂದಿದ್ದ. ನಾನೂ ಜೊತೆಗಿದ್ದೆ. ತಿಪ್ಪೇರುದ್ರಪ್ಪ ವಿಭೂತಿ ನೋಡಿದ, ತಲೆಯಾಡಿಸಿದ, ಅಷ್ಟೇ. ರಿಮೋಟನ್ನು ಮಾತ್ರ ಎಂದಿನಂತೆ ಹೊನ್ನೂರಪ್ಪನಿಗೆ ಮುಟ್ಟಗೊಡಲಿಲ್ಲ.

ವಿಮಾನ ಎದ್ದಿತು. ಹೊನ್ನೂರಪ್ಪ ಬಾಯಿ ತುಂಬ ನಕ್ಕ. ಎರಡನೇ ಸುತ್ತಿಗೆ ಅದು ತಿರುಗಬೇಕಾದಲ್ಲಿ ತಿರುಗದೆ ಎರೆಹೊಲದಲ್ಲಿ ಮೂತಿ ಊರಿ ಬಿತ್ತು. ತಿಪ್ಪೇರುದ್ರಪ್ಪ ಬ್ಯಾಟರಿ ಕಿತ್ತು, ಜೇಬಿನಿಂದ ಬಲ್ಬು ತೆಗೆದು ಹಚ್ಚಿದ. ನೋಡನೋಡುತ್ತ ಬಲ್ಬು ಮಂಕಾಯಿತು. ಅದು ಸೋತ ಬ್ಯಾಟರಿಯೇ.

"ಬರಿದು ಇಟ್ಟ ಬ್ಯಾಟ್ರಿಗೆ ಇಭೂತಿ ಹಚ್ಚಿದವ ನೀನ" ಎಂದ. "ರಿಮೋಟು ನಿನ್ನ ಕೈಗೆ ಕೊಡಲಿಲ್ಲಂತ ನಿನಗ ಹೊಟ್ಟಿಕಿಚ್ಚು."

ಹೊನ್ನೂರಪ್ಪ ಮುರಿದ ರೆಕ್ಕೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿನ ದಾರಿ ಹಿಡಿದ. ತಾನು ಕಟ್ಟಿದ್ದನ್ನು ಯಾರಾದರೂ ತಾನೇ ಬೀಳಿಸುತ್ತಾರೇನೋ ಎಂದು ನಾನು ತಿಪ್ಪೇರುದ್ರಪ್ಪನ ಮೇಲೆ ರೇಗಿದೆ. ಅಂದಿನಿಂದ ಅವನು ನನ್ನ ಮೇಲೂ ಕಣ್ಣಿಟ್ಟ. ಮನೆಯಲ್ಲಿ ಮಾತ್ರ ಏನೂ ಹೇಳಲಿಲ್ಲ, ಹೊನ್ನೂರಪ್ಪ ಬರುತ್ತಿಲ್ಲವೇಕೆ ಎಂದರೆ ಅವನಿಗೆ ಕೆಲಸ ಜಾಸ್ತಿ ಎಂದು ತೇಲಿಸಿಬಿಟ್ಟ.

ಮರುವರ್ಷ ಆಯುಧ ಪೂಜೆಗೆ ಅವನು ಅಂಗಡಿಯಲ್ಲೇ ಇದ್ದ. ತಂಗಿ ವಿಭೂತಿಯ ಬಟ್ಟಲು ಹಿಡಿದು ಮೀಟರಿಗೆ, ಸ್ಕ್ರೂಡ್ರೈವರಿಗೆ, ಇಕ್ಕಳಕ್ಕೆ ಹಚ್ಚುತ್ತ ಬಂದಳು. ಹಲಗೆಯ ಮೇಲಿದ್ದ ಬ್ಯಾಟರಿಗಳಿಗೂ ಸಾಲಾಗಿ ಮೂರು ಬೆರಳು ಎಳೆದಳು. ಅವನು ಅವಳ ಕೈ ಹಿಡಿದು, ಹೋದ ವರ್ಷ ಪೂಜೆ ಮಾಡಿದ್ದು ಯಾರು ಎಂದು ಕೇಳಿದ.

"ನಾನ ಮಾಡಿದ್ನಲ್ರಿ" ಎಂದಳು ತಂಗಿ. "ಎರಡಕ್ಕ ಇಭೂತಿ ಇತ್ತು, ಒಂದು ಬರಿದಿತ್ತು. ಹಬ್ಬದ ದಿನ ಒಂದನ್ನ ಹಂಗ ಬಿಡಾಕ ಮನಸ್ಸು ಬರಲಿಲ್ಲ."

ಮುಂದಿನ ಬಸ್ಸಿಗೇ ಕುರುಗೋಡಿಗೆ ಹೊರಟ. ಒಬ್ಬನೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡ. ಹೊನ್ನೂರಪ್ಪ ಪೂಜೆ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದ. ತಿಪ್ಪೇರುದ್ರಪ್ಪ ನಿಂತಲ್ಲೇ ಎಲ್ಲ ಒಪ್ಪಿಸಿ ಕೈಮುಗಿದ. ಅವನು ಇನ್ನೊಬ್ಬರಿಗೆ ಕೈಮುಗಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೊನ್ನೂರಪ್ಪ ಒಳಗೆ ಹೋಗಿ ಅಟ್ಟದಿಂದ ರೆಕ್ಕೆ ಇಳಿಸಿ ತಂದ. ಅದನ್ನು ಎಂದೋ ಸರಿಮಾಡಿ ಇಟ್ಟಿದ್ದ.

"ಒಂದೊಂದು ಬ್ಯಾಟ್ರಿಗೂ ಬಲ್ಬ್ ಕಟ್ಟಿ ತಾಸುಗಟ್ಲೆ ಕುಂತಿ" ಎಂದ. "ನನ್ನ ಒಂದು ಮಾತು ಕೇಳಾಕ ನಿನಗ ಹೊತ್ತಿರಲಿಲ್ಲ. ರೆಕ್ಕಿ ಒಯ್ಯಿ. ಹಾರಿಸಾಕ ನಾ ಬರಂಗಿಲ್ಲ."

ತಿಪ್ಪೇರುದ್ರಪ್ಪ ಬಸ್ಸಿನಲ್ಲಿ ರೆಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಿ ಮುರಿದಿತ್ತೆಂದು ಬೆರಳಾಡಿಸಿ ಹುಡುಕುತ್ತಿದ್ದ. ಬಳ್ಳಾರಿ ಬಂದರೂ ಬೆಸುಗೆ ಸಿಗಲಿಲ್ಲ.